ಲಾವಲ್ದ ಗಿಡ್ಡಪ್ಪ

ಜನವರಿ 6, ಸೋಮವಾರ
ಹನ್ನೆರಡನೇ ಮೈಕ್ರೋಫಿಲ್ಮ್ ರೀಲು ಮುಗಿಯಿತು. ನಿಜಾಮರ ಕಾಲದ ಮನೆತನದ ದಫ್ತರ, ಕುಷ್ಟಗಿ ಕಡೆಯ ಹಳ್ಳಿಗಳು. ಫಿಲ್ಮಿಗೆ ಹಳೇ ಉಪ್ಪಿನಕಾಯಿಯ ಹುಳಿ ವಾಸನೆ. ಸ್ಕ್ಯಾನ್ ಮಾಡುವುದು, ಬೂಷ್ಟಿನ ಕಲೆ ಅಳಿಸುವುದು, ಉರ್ದು ಹೆಸರು ಓದಿ ಕನ್ನಡದಲ್ಲಿ ಟೈಪ್ ಮಾಡುವುದು. ಗಜಲ್ ಓದುವ ಆಸೆಗೆ ಕಲಿತ ಲಿಪಿ, ಕೊಪ್ಪಳದ ಈ ದಾಖಲೆ ಕಚೇರಿಯಲ್ಲಿ ಅನ್ನಕ್ಕೆ ಬಂತು.
210ನೇ ಚಿತ್ರ: ‘ಲಾ ವಲ್ದ ಗಿಡ್ಡಪ್ಪ’. ವಲ್ದ ಅಂದರೆ ಮಗ, ಲಾ ಅಂದರೆ ಇಲ್ಲ. ಮಕ್ಕಳಿಲ್ಲದ ಗಿಡ್ಡಪ್ಪ. ಉರ್ದುವಿನ ಎರಡಕ್ಷರಕ್ಕೆ ಒಂದು ಮನೆ ಮುಗಿಯಿತು. ಸಾಲು ಚೆಂದವೆನಿಸಿತು… ನನ್ನ ಚಾಳಿ.

ಜನವರಿ 27
ಸಿದ್ದೇಶ ಎಂಬುವನು ಬಂದಿದ್ದ. ತಂದೆ ಈಶಪ್ಪ ಆಸ್ಪತ್ರೆಯಲ್ಲಿ, ಇನ್ನು ನಾಕೈದು ದಿನ ಅಂದಿದ್ದಾರಂತೆ. ತನ್ನ ಅಜ್ಜ ಗಿಡ್ಡಪ್ಪನ ಹೊಲದಲ್ಲಿ, ಅಪ್ಪ ಮಲ್ಲಪ್ಪನ ಮಗ್ಗುಲಲ್ಲೇ ಮಣ್ಣಾಗಬೇಕೆಂದು ಮುದುಕರ ಹಟ. ಗಿಡ್ಡಪ್ಪನ ಅಣ್ಣತಮ್ಮಂದಿರ ಕಡೆಯವರು ನಮ್ಮ ಕಚೇರಿ ಕೊಟ್ಟ 210ನೇ ಚಿತ್ರದ ಪ್ರಿಂಟ್ ಹಿಡಿದು ಅಡ್ಡ ನಿಂತಿದ್ದಾರೆ.
“ಗಿಡ್ಡಪ್ಪಗ ಮಕ್ಕಳಽ ಇಲ್ಲ, ನಿಮ್ಮ ಮುತ್ಯಾ ಮಲ್ಲಪ್ಪ ಏನ್ ಬೇವಿನ ಗಿಡದಾಗಿಂದ ಉದುರಿದನೇನು ಅಂತಾರ್ರಿ ಅಕ್ಕಾರ. ಆಳಮಗನಿಗೆ ಮಣ್ಣ ಕೊಟ್ಟಿದ್ದಽ ಹೆಚ್ಚಾತಂತ.”
ಫೈಲ್ ತೆರೆದೆ. ಕಲೆ ಅಳಿಸಿದ ಚಿತ್ರವಷ್ಟೇ ಇದೆ. ಮೊದಲಿನದರ ಮೇಲೆಯೇ ಸೇವ್ ಮಾಡಿದ್ದೇನೆ. ರೀಲು ಗಂಗಾವತಿಯ ಗೋದಾಮಿಗೆ ಹೋಗಿದೆ.

ಜನವರಿ 28, ಸಂಜೆ
ಉರ್ದು ಕಲಿಸಿದ ಮರ್ದಾನಸಾಬ ಮಾಸ್ತರರಿಗೆ ಪ್ರಿಂಟ್ ತೋರಿಸಿದೆ. ಭೂತಗನ್ನಡಿ ಹಿಡಿದು ಬಹಳ ಹೊತ್ತು ಕೂತರು.
“ಲಾ ಮದಲ ಏನರ ಇತ್ತೇನವಾ? ‘ಮ’ಕಾರದ ತಲಿ ಸಾಸ್ವಿಕಾಳಿನಷ್ಟಽ ಇರ್ತೈತಿ. ಹಚ್ಚಿ ಓದು… ಮಲ್ಲಾ, ವಲ್ದ ಗಿಡ್ಡಪ್ಪ. ಗಿಡ್ಡಪ್ಪನ ಮಗ ಮಲ್ಲಾ.” ನಕ್ಕರು. “ಗಜಲ್ ಓದಾಕ ಬಂದಾಕಿ, ತುಂಬಿದ ಮನಿ ನುಂಗಿದ್ಯಲ್ಲವಾ!”
ನಗಲಾಗಲಿಲ್ಲ. ಆ ಸಾಲಿನ ಬಲತುದಿಯಲ್ಲಿ, ಉರ್ದು ಶುರುವಾಗುವ ಕಡೆ, ಒಂದು ಕಲೆ ಇತ್ತು. ಬೂಷ್ಟು ಅಂದುಕೊಂಡು ಅಳಿಸಿದ್ದೆ. ನಾನೇ.

ಜನವರಿ 30, ಮಧ್ಯಾಹ್ನ 2.40
ಗಂಗಾವತಿಯಿಂದ ತರಿಸಿದ ರೀಲು ಬಂತು. ಸುರುಳಿ ಒಂದಕ್ಕೊಂದು ಅಂಟಿದೆ. ಬೆರಳಲ್ಲಿ ಚೂರುಚೂರೇ ಬಿಡಿಸುತ್ತಿದ್ದೇನೆ. 188ನೇ ಚಿತ್ರ… 191ರಲ್ಲಿ ಅಂಚು ಹರಿಯಿತು. ನಿಲ್ಲಿಸಿ ಉಸಿರು ತಗೊಂಡೆ. ಸಿದ್ದೇಶನ ಎರಡು ಮಿಸ್ಡ್ ಕಾಲ್. ಮೊದಲು ಇದು ಕೈಗೆ ಬರಲಿ.

4.15
210. ಬೆಳಕು ಹೆಚ್ಚಿಸಿದೆ. ಇದೆ. ‘ಮ’ ಇದೆ. ಎರಡು ಕಡೆ ಕಾಪಿ ಮಾಡಿ ಫೋನ್ ಹಚ್ಚಿದೆ.
ನಾನು ಬಾಯಿ ತೆರೆಯುವ ಮೊದಲೇ ಅವನು, “ಅಪ್ಪ ಮುಂಜಾನಿ ಹೋದ್ರಿ ಅಕ್ಕಾರ. ಹಳ್ಳದ ದಂಡ್ಯಾಗ ಈಗಷ್ಟ ಮಣ್ಣ ಮಾಡಿ ಬಂದ್ವಿ. ಹೊಲದಾಗ ಕಾಲ ಇಡಗೊಡಲಿಲ್ಲ.”
ಸಮಾಧಾನ ಹೇಳಿದವನೂ ಅವನೇ.
“ನೀವರ ಏನ್ ಮಾಡ್ತೀರಿ ಬಿಡ್ರಿ. ಫಿಲ್ಮಿನ್ಯಾಗ ಇದ್ದದ್ದಽ ಬರದೀರಿ.”
ಹೂಂ ಅಂದುಬಿಡಬಹುದಿತ್ತು.
“ಇಲ್ಲ ಸಿದ್ದೇಶ,” ಅಂದೆ. “ಫಿಲ್ಮಿನ್ಯಾಗ ಇದ್ದದ್ದು ಮಲ್ಲಾ. ‘ಮ’ ಅಳಿಸಿದಾಕಿ ನಾನು.”