ಕಾವಿಲ್ಲದ ಹನ್ನೊಂದು ಮೊಟ್ಟೆ

೯ ಜನವರಿ ೧೯೭೩, ಮಂಗಳವಾರ. ಚೆಂಬೂರು.

ನಾನು ರೇಷನ್ ಸಾಲಿನಲ್ಲಿ ನಿಂತು ಬರುವಷ್ಟರಲ್ಲಿ, ಗಂಡ ಎನಿಸಿಕೊಂಡವರು ನನ್ನ ಕೆಂಪು ಊರುಕೋಳಿಯನ್ನು ಕೋಳಿ ಅಂಗಡಿಗೆ ಕೊಟ್ಟು, ಬದಲಿಗೆ ಎರಡು ಬಿಳಿ ಲೆಗ್‌ಹಾರ್ನ್ ಫಾರಂ ಕೋಳಿ ತಂದು ಹಿತ್ತಲಲ್ಲಿ ಬಿಟ್ಟಿದ್ದರು. ಕಾವಿಗೆ ಕೂತ ಕೋಳಿ ಅದು. ಇವತ್ತಿಗೆ ಹದಿನೆಂಟು ದಿನ. ಮರಿ ಬರಲು ಇನ್ನು ಮೂರೇ ದಿನ ಇತ್ತು.

"ಅದು ಮೊಟ್ಟೆ ಇಡದೆ ಸುಮ್ನೆ ಕೂತು ತಿಂತಿತ್ತು ಮಾರಾಯ್ತಿ. ಇವು ದಿನಾ ಇಡ್ತವೆ," ಅಂದರು. ಹೆಣ್ಣು ಜಾತಿ ಕೂತರೆ ಗಂಡಸಿಗೆ ಅದು ಸೋಮಾರಿತನ.

ಅಂಗಡಿಗೆ ಓಡಿದೆ. ಅಷ್ಟರಲ್ಲಿ ಅದನ್ನು ಕೊಯ್ದಾಗಿತ್ತು. ಮನೆಗೆ ಬಂದು ನೋಡಿದರೆ ಬುಟ್ಟಿಯಲ್ಲಿ ಹನ್ನೊಂದು ಮೊಟ್ಟೆ ತಣ್ಣಗಾಗಿದ್ದವು. ಬಿಳಿ ಕೋಳಿಯನ್ನು ಹಿಡಿದು ಅವುಗಳ ಮೇಲೆ ಕೂರಿಸಿದೆ. ಎದ್ದು ಹೋಯಿತು. ಮತ್ತೆ ಕೂರಿಸಿದೆ. ತುಳಿದುಕೊಂಡೇ ಹೋಯಿತು. ಆ ಜಾತಿಗೆ ಇಡುವುದಷ್ಟೇ ಗೊತ್ತು.

ಊಟಕ್ಕೆ ಕೂತಾಗ ಇವರು, "ಆ ಮೊಟ್ಟೆ ದಂಡ ಮಾಡ್ಬೇಡ, ಬೆಳಿಗ್ಗೆ ಆಮ್ಲೆಟ್ ಮಾಡು," ಅಂದರು. ಇವರದು ಹೋಟೆಲಿನಲ್ಲಿ ದಿನಕ್ಕೆ ಇನ್ನೂರು ಮೊಟ್ಟೆ ಒಡೆಯುವ ಕೈ. ಹದಿನೆಂಟು ದಿನ ಕಾವು ಕೊಟ್ಟ ಮೊಟ್ಟೆಯೊಳಗೆ ಏನಿರುತ್ತದೆ ಎಂದು ಗೊತ್ತಿಲ್ಲ.

ಹೂಂ ಎಂದಿದ್ದೇನೆ. ಒಲೆಯ ಹತ್ತಿರ ಅಲ್ಲ, ಅವರ ತಟ್ಟೆಯಲ್ಲೇ ಒಡೆಯುತ್ತೇನೆ.