ಮುನಿತಾಯಮ್ಮನವರ ದುಬೈ ಮನೆಯ ದೂರು

ಒಬ್ಬ ಹೆಂಗಸನ್ನು ಮೂರು ಸಲ ಬರಿಗೈಯಲ್ಲಿ ವಾಪಸು ಕಳಿಸಿದ ಮಾನ್ಯ ಠಾಣಾಧಿಕಾರಿಗಳೇ,

ನಗರದ ಅಂಚಿನ ಉಲ್ಲಾಳದ ಮುನಿತಾಯಮ್ಮನವರ ದೂರನ್ನು ತಾವು ಇನ್ನೂ ದಾಖಲಿಸಿಕೊಂಡಿಲ್ಲ. ಆಗಸ್ಟ್‌ನಲ್ಲಿ ಒಮ್ಮೆ, ದಸರಾ ಕಳೆದ ಮೇಲೆ ಒಮ್ಮೆ, ಹೋದ ಗುರುವಾರ ಮತ್ತೊಮ್ಮೆ ಅವರು ಠಾಣೆಗೆ ಬಂದರು. ಮೊದಲ ಸಲ ತಾವು ಬಂದೋಬಸ್ತಿಗೆ ಹೋಗಿದ್ದಿರಿ. ಎರಡನೆಯ ಸಲ ಇದ್ದಿರಿ. "ಮನೆ ದುಬೈನಲ್ಲಿ ಅಂತೀರಾ, ದೂರು ಇಲ್ಲಿ ಕೊಡ್ತೀರಾ. ನಾನೇನ್ ಸಮುದ್ರಕ್ಕೆ ಹೋಗಿ ಮಹಜರು ಮಾಡ್ಕೊಂಡು ಬರ್ಲೇನಮ್ಮ?" ಎಂದು ಕೇಳಿ ಸುತ್ತಲಿದ್ದವರನ್ನೆಲ್ಲ ನಗಿಸಿದಿರಿ. ಮೂರನೆಯ ಸಲದ ಮಾತನ್ನು ಆಮೇಲೆ ಬರೆಯುತ್ತೇನೆ, ಅದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಮೂರೂ ಸಲ ಅವರ ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದವನು ನಾನು.

ಮೊದಲು ವ್ಯಾಪ್ತಿಯ ಮಾತು ಮುಗಿಸೋಣ. ಮನೆ ದುಬೈನದು, ಒಪ್ಪಿದೆ. ಮೋಸ ಎಲ್ಲಿಯದು ಸ್ವಾಮಿ? ಆ ಮನೆಗಳನ್ನು ಮಾರಿದ ಮೇಳ ನಡೆದದ್ದು ಕಳೆದ ವರ್ಷ ಫೆಬ್ರವರಿಯಲ್ಲಿ, ರಾಜಾಜಿನಗರದ ಒಂದು ಮದುವೆ ಛತ್ರದಲ್ಲಿ. ಹಣ ಹೋದದ್ದು ಬಸವೇಶ್ವರನಗರದ ಬ್ಯಾಂಕಿನಿಂದ. ಮಾರಿದ ಏಜೆಂಟ್ ಮುರಳೀಕೃಷ್ಣನ ಕಚೇರಿ ವಿಜಯನಗರದಲ್ಲಿ, ಒಂದು ಬೇಕರಿಯ ಮೇಲೆ. ತಮ್ಮ ಠಾಣೆಯಿಂದ ಹತ್ತು ನಿಮಿಷದ ನಡಿಗೆ. ಸಮುದ್ರವೊಂದನ್ನು ಬಿಟ್ಟರೆ ಈ ಪ್ರಕರಣದಲ್ಲಿ ಉಳಿದದ್ದೆಲ್ಲ ಸಿಟಿ ಬಸ್ಸು ಹೋಗುವ ಜಾಗದಲ್ಲೇ ಇದೆ. ತಮ್ಮ ಜೀಪು ಅಷ್ಟು ದೂರವೂ ಹೋಗುವುದಿಲ್ಲವೇ? ಈಗ ಆ ಕಚೇರಿಯ ಕಿಟಕಿಗೆ 'ಬಾಡಿಗೆಗೆ ಇದೆ' ಎಂಬ ಬೋರ್ಡು ಬಿದ್ದಿದೆ. ಈ ತಿಂಗಳ ಕೊನೆಗೆ ಆತ ಊರು ಬಿಡುತ್ತಾನೆಂದು ಬೇಕರಿಯವರೇ ಹೇಳುತ್ತಾರೆ. ದೂರು ದಾಖಲಾಗುವ ಮೊದಲೇ ಆತ ಹೊರಟುಹೋದರೆ, ಮುನಿತಾಯಮ್ಮನವರು ತಮ್ಮ ಜಮೀನಿನ ಹಣ ಕೊಡಿ ಎಂದು ಕೇಳುವುದಕ್ಕೂ ಯಾರೂ ಇರುವುದಿಲ್ಲ.

ಜಮೀನು ಎಂದೆ. ಉಲ್ಲಾಳ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅವರ ಮನೆಯ ಹಿಂದೆ ಇದ್ದ ತುಂಡು ನೆಲವದು. ಅಲ್ಲಿ ದಂಟು, ಮೆಂತ್ಯ, ಕೊತ್ತಂಬರಿ ಬೆಳೆದು, ಬೆಳಗಿನ ಬಸ್ಸಿನಲ್ಲಿ ತಂದು, ನಮ್ಮ ಬಸವೇಶ್ವರನಗರದ ಬೀದಿಗಳಲ್ಲಿ ಇಪ್ಪತ್ತು ವರ್ಷ ಮಾರಿದವರು ಅವರು. ಮಂಡಿ ನೋವು ಹೆಚ್ಚಾಗಿ, ಬಗ್ಗಿ ಸೊಪ್ಪು ಕೀಳಲಾಗದೆ, ಹೋದ ವರ್ಷ ಅದನ್ನು ಮಾರಿದರು. ಆ ಕ್ರಯಪತ್ರ ಬರೆದವನು ನಾನೇ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕುಳಿತು ಮೂವತ್ತೊಂದು ವರ್ಷದಿಂದ ಕ್ರಯ, ದಾನ, ವಿಭಾಗ ಬರೆಯುತ್ತಿರುವ ಪತ್ರಬರಹಗಾರ ನಾನು. ಮೂಲಪತ್ರ ನೋಡದೆ ಮುಂಗಡ ಕೊಡಬೇಡಿ, ನೆಲದ ಮೇಲೆ ಕಾಲಿಟ್ಟು ನಾಲ್ಕು ಮೂಲೆಯ ಕಲ್ಲು ಮುಟ್ಟಿ ನೋಡದೆ ಸೈಟು ಕೊಳ್ಳಬೇಡಿ ಎಂದು ಸಾವಿರಾರು ಜನಕ್ಕೆ ಉಪದೇಶ ಮಾಡಿದವನು. ಯಾರಾದರೂ ಮೋಸಹೋಗಿ ಬಂದರೆ, "ಓದಿದೋರು ನೀವು, ಒಂದ್ ಮಾತು ಕೇಳಕ್ಕೇನಾಗಿತ್ತು?" ಎಂದು ಗದರುತ್ತಿದ್ದವನು.

ಅಂಥವನು ಛತ್ರದ ಮೇಳದಲ್ಲಿ ಏನು ಮಾಡಿದೆ, ಕೇಳಿ. ಗಾಜಿನ ಪೆಟ್ಟಿಗೆಯೊಳಗೆ ಒಂದು ದ್ವೀಪ, ದ್ವೀಪದ ಮೇಲೆ ಬೆಂಕಿಪೊಟ್ಟಣದಷ್ಟು ಕಟ್ಟಡಗಳು. ಮುರಳೀಕೃಷ್ಣ ಪತ್ರಿಕೆಯ ತುಣುಕೊಂದನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದ. "ಈಗ ಗವರ್ನಮೆಂಟೇ ಪರ್ಮಿಷನ್ ಕೊಟ್ಟಿದೆ ಸಾರ್, ಫಾರಿನ್ನಲ್ಲಿ ನಾವೂ ಪ್ರಾಪರ್ಟಿ ತಗೋಬೋದು. ಮನೆ ರೆಡಿ ಆದ್ಮೇಲೆ ತಿಂಗಳು ತಿಂಗಳು ಬಾಡಿಗೆ ಸೀದಾ ಬ್ಯಾಂಕಿಗೇ ಬೀಳತ್ತೆ" ಎಂದ. ಕರಾರನ್ನು ನನ್ನ ಕೈಗಿತ್ತ. ನಲವತ್ತು ಪುಟ, ದಪ್ಪ ಕಾಗದ, ಪೂರಾ ಇಂಗ್ಲಿಷು. ಚಕ್ಕುಬಂದಿ ಎಲ್ಲಿದೆ ಎಂದು ಹುಡುಕಿದೆ. ಆಸ್ತಿಯ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಯಾರು ಎಂದು ಹೇಳುವ ಆ ನಾಲ್ಕು ಸಾಲಿಲ್ಲದೆ ನಾನು ಒಂದು ಕೋಳಿಗೂಡಿನ ಪತ್ರವನ್ನೂ ಬರೆದುಕೊಟ್ಟವನಲ್ಲ. ಅದರಲ್ಲಿ ಇರಲಿಲ್ಲ. ಕೇಳಿದೆ. "ಐಲ್ಯಾಂಡ್ ಅಲ್ವಾ ಸಾರ್, ನಾಲ್ಕೂ ಕಡೆ ಸಮುದ್ರ" ಎಂದು ಆತ ನಕ್ಕ. ನಾನೂ ನಕ್ಕೆ.

ಯಾಕೆ ನಕ್ಕೆ ಎಂದು ಮೋಸ ತಿಳಿದಾಗಿನಿಂದ ಯೋಚಿಸುತ್ತಿದ್ದೇನೆ. ನಮ್ಮೂರಿನ ಭೂವ್ಯವಹಾರದ ಕಳ್ಳತನವೆಲ್ಲ ನನಗೆ ಗೊತ್ತು. ಒಂದೇ ಸೈಟನ್ನು ಮೂವರಿಗೆ ಮಾರಿದವರನ್ನು ಕಂಡಿದ್ದೇನೆ, ಸತ್ತವರ ಹೆಬ್ಬೆಟ್ಟು ತಂದವರನ್ನೂ ಕಂಡಿದ್ದೇನೆ. ಇಷ್ಟೆಲ್ಲ ಕಂಡವನಿಗೆ, ಇದೆಲ್ಲ ನಮ್ಮ ಜನರ ಬುದ್ಧಿ, ಪರದೇಶದಲ್ಲಿ ಹೀಗಿರಲಾರದು ಎನ್ನಿಸಿಬಿಟ್ಟಿತ್ತು. ಇನ್ನೊಂದು ಕಾರಣ ಇನ್ನೂ ಹೀನವಾದದ್ದು. ಆ ಇಂಗ್ಲಿಷು ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಮುನಿತಾಯಮ್ಮನವರು ಎದುರಿಗೆ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದರು. "ನಂಗೇನ್ ತಿಳೀತದೆ ಸ್ವಾಮಿ, ನೀವ್ ನೋಡಿ ಆಯ್ತದೆ ಅಂದ್ರೆ ಆಯ್ತದೆ" ಎಂದರು. ತಿಳಿಯಲಿಲ್ಲ ಎನ್ನಲು ಬಾಯಿ ಬರಲಿಲ್ಲ. ಪುಟ ತಿರುವುತ್ತಾ ತಲೆಯಾಡಿಸಿದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಏಜೆಂಟನ ಬಳಿ ಶಾಯಿ ಪ್ಯಾಡ್ ಇರಲಿಲ್ಲ. ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಅದನ್ನು ತೆಗೆದು, ಅವರ ಹೆಬ್ಬೆರಳನ್ನು ನಾನೇ ಹಿಡಿದು, ಪುಟಪುಟಕ್ಕೂ ಒತ್ತಿಸಿದೆ.

ಈ ವರ್ಷ ಯುಗಾದಿಯ ಹೊತ್ತಿಗೆ ಮುರಳೀಕೃಷ್ಣ ಫೋನ್ ಎತ್ತುವುದನ್ನು ನಿಲ್ಲಿಸಿದ. ಬಾಪೂಜಿ ನಗರದ ಉಗ್ರಪ್ಪ ಎಂಬ ಪರಿಚಯದ ಹುಡುಗ ದುಬೈನಲ್ಲಿ ಡ್ರೈವರ್ ಆಗಿದ್ದಾನೆ. ರಜಾದಿನ ಹೋಗಿ ನೋಡಿಕೊಂಡು ಬಾ ಎಂದು ಬೇಡಿಕೊಂಡೆ. ಅಲ್ಲಿಂದಲೇ ಫೋನ್ ಮಾಡಿದ. "ಅಣ್ಣ, ಬಂದಿದೀನಿ. ದಡದಲ್ಲಿ ದೊಡ್ಡ ಬೋರ್ಡ್ ಐತೆ. ಅದರಾಚೆಗೆ ಬರೀ ನೀರು ಕಣಣ್ಣ. ಸಮುದ್ರಕ್ಕೆ ಮರಳು ಸುರಿದು ದ್ವೀಪ ಮಾಡ್ಬೇಕಿತ್ತಂತೆ, ಅದನ್ನಿನ್ನೂ ಮಾಡೇ ಇಲ್ವಂತೆ. ಕಂಪನಿಯೋರು ಬಾಗ್ಲು ಹಾಕ್ಕೊಂಡು ಹೋದ್ರಂತೆ." ಮನೆ ಕಟ್ಟಲಿಲ್ಲವೆಂದರೆ ಅದೊಂದು ಮಾತು. ಮುನಿತಾಯಮ್ಮನವರಿಗೆ ಮಾರಿದ್ದು ಇನ್ನೂ ಹುಟ್ಟದ ನೆಲವನ್ನು. ಈಗ ಅವರು ಮಾರುಕಟ್ಟೆಯಲ್ಲಿ ಬೇರೆಯವರ ಸೊಪ್ಪನ್ನು ಕೊಂಡು, ಅದೇ ನೋಯುವ ಮಂಡಿಯಲ್ಲಿ, ಅದೇ ಬೀದಿಗಳಲ್ಲಿ ಮಾರುತ್ತಿದ್ದಾರೆ.

ಇನ್ನು ಹೋದ ಗುರುವಾರ. ದೂರು ಬರೆದವನೂ ನಾನೇ ಎಂದು ತಮಗೆ ಗೊತ್ತು. ಅದರಲ್ಲಿ "ಪರಿಚಿತರೊಬ್ಬರು ನನ್ನನ್ನು ಸದರಿ ಮೇಳಕ್ಕೆ ಕರೆದೊಯ್ದು, ಸದರಿ ಕರಾರು ನಂಬಲರ್ಹವೆಂದು ತಿಳಿಸಿದ ಮೇರೆಗೆ" ಎಂದು ಬರೆದಿದ್ದೆ. ತಾವು ಅಲ್ಲಿ ಬೆರಳಿಟ್ಟಿರಿ. "ಯಾರಮ್ಮ ಈ ಪರಿಚಿತರು? ಅವನ ಹೆಸರಿಲ್ದೆ ಹೋದ್ರೆ, ನೀವಾಗ್ ನೀವೇ ಹೋಗಿ ದುಡ್ಡು ಹಾಕಿ ಬಂದ್ರಿ ಅಂತಾಗತ್ತೆ" ಎಂದಿರಿ. ಆ ದಿನ ತಾವು ಆಡಿದ ಮಾತು ನ್ಯಾಯವಾದದ್ದು. ಮುನಿತಾಯಮ್ಮನವರು ನನ್ನ ಕಡೆ ಒಮ್ಮೆ ನೋಡಿದರು. ನಾನು ಫೈಲಿನ ದಾರ ಬಿಚ್ಚಿ ಕಟ್ಟುತ್ತಿದ್ದೆ. "ಗ್ಯಾಪ್ಕ ಬರ್ತಿಲ್ಲ ಸ್ವಾಮಿ" ಎಂದರು. ತಾವು ದೂರನ್ನು ಹಿಂದಕ್ಕೆ ಕೊಟ್ಟಿರಿ.

ಹೊರಗೆ ಬಂದ ಮೇಲೆ ಬಸ್ ಸ್ಟಾಪಿನಲ್ಲಿ ಅವರಿಗೆ ಕೈಮುಗಿದು, ನನ್ನ ಲೈಸೆನ್ಸ್ ಉಳಿಸಿದಿರಿ ತಾಯಿ ಎಂದೆ. ಅವರು ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು, "ನಿಮ್ಗೋಸ್ಕರ ಸುಮ್ಕಿರ್ಲಿಲ್ಲ ಸ್ವಾಮಿ. ನೀವೇ ಯೋಳ್ತೀರೇನೋ ಅಂತ ಕಾಯ್ತಿದ್ದೆ" ಎಂದು ಉಲ್ಲಾಳದ ಬಸ್ಸು ಹತ್ತಿದರು. ಮನೆಗೆ ಬಂದು ಊಟ ಮಾಡಲಾಗಲಿಲ್ಲ. ನನ್ನ ಹೆಂಡತಿ ಸೀತಾ ಏನಾಯಿತೆಂದು ಕೇಳಿದಳು, ಹೇಳಿದೆ. "ಕಮಿಷನ್ ವಿಷಯಾನಾದ್ರೂ ಅವರಿಗೆ ಗೊತ್ತೇನ್ರೀ?" ಎಂದಳು. ಗೊತ್ತಿಲ್ಲ. ಅವರನ್ನು ಕರೆದೊಯ್ದದ್ದಕ್ಕೆ ಮುರಳೀಕೃಷ್ಣ ನನಗೆ ನೂರಕ್ಕೆ ಎರಡರಂತೆ ಕೊಟ್ಟಿದ್ದ. ಅದರಲ್ಲಿ ನಮ್ಮ ಬಾಡಿಗೆ ಪೋರ್ಷನ್ನಿಗೆ ಹೊಸ ಟೈಲ್ಸ್ ಹಾಕಿಸಿದೆವು. ಅದು ಇಂದಿನವರೆಗೆ ಅವರಿಗೆ ತಿಳಿದಿರಲಿಲ್ಲ. ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲಿ ಅಚ್ಚಿಗೆ ಕೊಡುವ ಮೊದಲು ಉಲ್ಲಾಳಕ್ಕೆ ಹೋಗಿ ಓದಿ ಹೇಳಿದೆ. ಕಮಿಷನ್ ಮಾತು ಬಂದಾಗ ಅವರು ಎದ್ದು ಒಳಗೆ ಹೋದರು. ನಾನು ಹೊರಡುವವರೆಗೂ ಮತ್ತೆ ಹೊರಗೆ ಬರಲಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ಕೇಳುವುದು ಇಷ್ಟೇ. ದೂರಿನಲ್ಲಿ 'ಪರಿಚಿತರೊಬ್ಬರು' ಎಂದಿರುವಲ್ಲಿ ನನ್ನ ಹೆಸರು ಬರೆದುಕೊಳ್ಳಿ, ಮುರಳೀಕೃಷ್ಣನ ಹೆಸರಿನ ಪಕ್ಕದಲ್ಲೇ. ಇಂದೇ ದಾಖಲಿಸಿ, ಆತ ಊರು ಬಿಡುವ ಮೊದಲು ಹಿಡಿಯಿರಿ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಠಾಣೆಗೆ ಬರುತ್ತೇನೆ. ಕರಾರಿನ ಪ್ರತಿ, ನಾನು ಪಡೆದ ಕಮಿಷನ್ನಿನ ರಸೀದಿ, ನನ್ನ ಲೈಸೆನ್ಸ್ ಮೂರನ್ನೂ ತರುತ್ತೇನೆ. ಮುನಿತಾಯಮ್ಮನವರು ನನ್ನ ಜೊತೆ ಬರುವುದಿಲ್ಲ. ಇನ್ನು ಮುಂದೆ ನನ್ನ ಪಕ್ಕದಲ್ಲಿ ನಿಲ್ಲಲು ಅವರಿಗೆ ಇಷ್ಟವಿಲ್ಲ.

ಇಂತಿ,
ಆರೋಪಿಯ ಕಾಲಮ್ಮಿನಲ್ಲಿ ತನ್ನ ಹೆಸರನ್ನು ತಾನೇ ಬರೆಸಬಂದ
ಲಕ್ಷ್ಮೀಪತಿ, ಪತ್ರಬರಹಗಾರ
ಬಸವೇಶ್ವರನಗರ, ನವೆಂಬರ್ 2009