ಸೀಟಿಯ ಮೇಲಿನ ಗುಂಡುಕಲ್ಲು

ಗುರುಶಾಂತಕ್ಕನಿಗೆ ಪಂಚಶೀಲಾ ಟೀಚರ್ ಮಾಡುವ ಶರಣು,

ಎರಡು ದಿನದಿಂದ ನೀವು ಬಿಸಿಯೂಟದ ಕೋಣೆಗೆ ಬಂದಿಲ್ಲ. ಹೆಡ್ಮಾಸ್ತರರು ಬೇರೆ ಅಡುಗೆಯವರನ್ನು ಹುಡುಕುತ್ತಿದ್ದಾರೆ. ಮಗಳು ಮಹಾನಂದಾಳಿಂದ ಈ ಪತ್ರ ಓದಿಸಿಕೊಳ್ಳಿ. ನಡುವೆ ಸಿಟ್ಟು ಬಂದರೆ ಬೈಯಿರಿ, ಆದರೆ ಕೊನೆತನಕ ಕೇಳಿ.

ಸೋಮವಾರ ಏಳನೇ ತರಗತಿಗೆ ಶಾಖದ ಪಾಠ ಮಾಡುತ್ತಿದ್ದೆ. ಶಾಖ ಮಾಯವಾಗುವುದಿಲ್ಲ, ರೂಪ ಬದಲಿಸುತ್ತದೆ. ಹಬೆಯನ್ನು ಒಳಗೇ ಹಿಡಿದರೆ ನೀರು ನೂರು ಡಿಗ್ರಿ ದಾಟಿ ಕಾಯುತ್ತದೆ, ಅದಕ್ಕೇ ಕುಕ್ಕರಿನಲ್ಲಿ ಬೇಳೆ ಬೇಗ ಬೇಯುತ್ತದೆ ಎಂದೆ. ಓದಿ ಓದಿ ಮರುಳಾದ ಕೂಚಂಭಟ್ಟನ ಹಾಗೆ ಬೋರ್ಡಿನ ಮೇಲೆ ಕುಕ್ಕರಿನ ಚಿತ್ರವನ್ನೂ ಬರೆದೆ. ಆವತ್ತು ಪಕ್ಕದ ನಿಮ್ಮ ಅಡುಗೆ ಕೋಣೆಯಿಂದ ಕುಕ್ಕರಿನ ಸೀಟಿಯ ಕಾಟವಿಲ್ಲ ಎಂದು ಖುಷಿಯೂ ಆಗಿತ್ತು. ಬಹಳ ಹೊತ್ತಿನ ಮೇಲೆ ಹೊಳೆಯಿತು: ಗ್ಯಾಸ್ ಉರಿಯುತ್ತಿದೆ, ಸೀಟಿ ಯಾಕಿಲ್ಲ?

ಓಡಿ ಬಂದರೆ ಸೀಟಿಯ ಮೇಲೆ ಖಾರ ಅರೆಯುವ ಗುಂಡುಕಲ್ಲು. ಸೇಫ್ಟಿ ವಾಲ್ವಿಗೂ ಬೇಳೆ ಮೆತ್ತಿಕೊಂಡಿತ್ತು. ಹಬೆಗೆ ದಾರಿಯೇ ಇಲ್ಲ. ಗ್ಯಾಸ್ ಆರಿಸಿದೆ. ನೀವು ಕಲ್ಲೆತ್ತಲು ಕೈ ಚಾಚಿದಿರಿ; ಎತ್ತಿದ್ದರೆ ಕುದಿಯುವ ಹಬೆಯೆಲ್ಲ ನಿಮ್ಮ ಮುಖಕ್ಕೇ ನುಗ್ಗುತ್ತಿತ್ತು. ನಾನು ನಿಮ್ಮ ರಟ್ಟೆ ಹಿಡಿದು ಹೊರಗೆಳೆದು, ಮಕ್ಕಳೆದುರಿಗೇ "ಬುದ್ಧಿ ಐತೋ ಇಲ್ಲೋ ನಿನಗ?" ಎಂದು ಒದರಿದೆ.

ನೀವು ಮೆಲ್ಲಗೆ ಅಂದಿರಿ: "ಪಾಠದಾಗ ಸಪ್ಪಳ ಆಗಬಾರ್ದು ಅಂತ ನೀವೇ ಹೇಳಿದ್ರಲ್ರಿ ಟೀಚರ್."

ಬಿಸಿ ತಾನಾಗಿ ತಣ್ಣನೆಯದರ ಕಡೆಗಷ್ಟೇ ಹರಿಯುತ್ತದೆ. ಕುಕ್ಕರು ತಾನಾಗಿ ಆರುವ ತನಕ ದೂರ ನಿಂತು ಕಾಯುವುದನ್ನು ಬಿಟ್ಟು ನಮಗೆ ಬೇರೆ ದಾರಿಯಿರಲಿಲ್ಲ. ಜೇವರ್ಗಿ ಸೀಮೆಯ ಬಿಸಿಲಿಗೆ ಹೊರಗಿನ ಗಾಳಿಯೇ ಕೆಂಡ. ಶಾಲೆಯ ಎಂಬತ್ತು ಮಕ್ಕಳನ್ನು ದೂರದ ಬೇವಿನ ಗಿಡದ ಕೆಳಗೆ ಒತ್ತಟ್ಟಿಗೆ ಸೇರಿಸಿಕೊಂಡು ಒಂದೂವರೆ ತಾಸು ನಿಂತೆವು. ಆ ಹೆದರಿಕೆ ಇನ್ನೂ ಇಳಿದಿಲ್ಲ ಅಕ್ಕ. ಮನೆಯಲ್ಲಿ ತಟ್ಟೆ ಬಿದ್ದರೂ ಬಾಗಿಲಿಗೆ ಓಡುತ್ತೇನೆ.

ಹಿಂದಿನ ವಾರ "ಈ ಸೀಟಿ ಬಂದ್ ಮಾಡ್ರಿ" ಎಂದು ಸಿಡುಕಿದವಳು ನಾನೇ. ಹೆಡ್ಮಾಸ್ತರರು ವಿಚಾರಿಸಿದಾಗ ಮಾತ್ರ ನೆಲ ನೋಡುತ್ತ ನಿಂತೆ. ನೌಕರಿಯ ಭಯ. ತಪ್ಪೆಲ್ಲ ನಿಮ್ಮ ತಲೆಗೆ ಬಂತು. ನಿನ್ನೆ ತರಗತಿಯಲ್ಲಿ ಒಂದು ಹುಡುಗಿ ಎದ್ದು, ಅಡುಗೆ ಅಜ್ಜಿ ಸೀಟಿ ಮೇಲೆ ಕಲ್ಲು ಯಾಕಿಟ್ಟಳು ಎಂದು ಕೇಳಿದಳು. ಗೊತ್ತಿಲ್ಲ ಎಂದುಬಿಟ್ಟೆ.

ಇವತ್ತು ಹೆಡ್ಮಾಸ್ತರರಿಗೆ ಎಲ್ಲ ಬರೆದುಕೊಟ್ಟಿದ್ದೇನೆ. ಮುಂದೇನಾಗುತ್ತದೋ ತಿಳಿಯದು. ನಾಳೆ ಆ ಹುಡುಗಿಗೂ ಉತ್ತರ ಹೇಳಬೇಕು. ನೀವೂ ಬಂದು ಬಾಗಿಲಲ್ಲಿ ನಿಂತುಕೊಳ್ಳಿ ಅಕ್ಕ. ಒಬ್ಬಳೇ ಹೇಳಲು ಹೆದರಿಕೆಯಾಗುತ್ತದೆ.

ನಿಮ್ಮ ಕೈಗೆ, ಕಣ್ಣಿಗೆ ಯಾವತ್ತೂ ಏನೂ ಆಗದಿರಲಿ.

ನಿಮ್ಮ ತಪ್ಪುಗಾರ್ತಿ,
ಪಂಚಶೀಲಾ
ಇಜೇರಿ